ಕ್ಯಾಮೆರಾ ಮೆಟಾಡೇಟಾ ಎಲ್ಲಿಂದ ತರಿಸಬೇಕು, ಡ್ರೈವರ್ ಕೈಪಿಡಿಯಲ್ಲಿ ಏನೆಂದು ಬರೆಯಬೇಕು

ಕೋಲಾರದಲ್ಲಿ ಕ್ಯಾಮೆರಾ ಇಟ್ಟು ಏನಾದರೂ ವಿಂಗಡಿಸಬೇಕು ಎಂದು ಹೊರಟವರ ಕಣ್ಣು ಮೊದಲು ಬೀಳುವುದು ಟೊಮೇಟೊ ಮೇಲೆಯೇ. ಎಪಿಎಂಸಿ ಯಾರ್ಡಿನಲ್ಲಿ 15 ಕೆಜಿ ಬಾಕ್ಸು ಹರಾಜಾಗುವಾಗ ದೋರಗಾಯಿಗೆ ಒಂದು ಬೆಲೆ, ಪೂರ್ತಿ ಹಣ್ಣಾದದ್ದಕ್ಕೆ ಇನ್ನೊಂದು. ದೂರದ ಊರಿಗೆ ಲಾರಿ ಹೊರಡಬೇಕಾದರೆ ದೋರಗಾಯಿಯೇ ಬೇಕು. ಬಣ್ಣ ನೋಡಿ ಬೇರೆ ಮಾಡುವುದಷ್ಟೇ ತಾನೆ, ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಕೆಲಸ ಅನ್ನಿಸುತ್ತದೆ. ಆದರೆ ಶೆಡ್ಡಿನ ಮೇಲೆ ಮೋಡ ಹಾಯ್ದ ಕೂಡಲೇ ಬೆಳಕು ಹಿಡಿಯುವ ಸಮಯವನ್ನು ತಾನೇ ಹೊಂದಿಸುವ ಆಟೊ ಎಕ್ಸ್‌ಪೋಷರ್ ತನ್ನ ಪಾಡಿಗೆ ತಾನು ಏರುತ್ತದೆ, ಬಣ್ಣದ ಸಮತೋಲ ನೋಡುವ ವೈಟ್ ಬ್ಯಾಲೆನ್ಸ್ ಅದರ ಹಿಂದೆ ಓಡುತ್ತದೆ. ಬೆಳಿಗ್ಗೆ ದೋರಗಾಯಿ ಎಂದದ್ದನ್ನೇ ಪ್ರೋಗ್ರಾಂ ಮಧ್ಯಾಹ್ನ ಹಣ್ಣು ಅನ್ನುತ್ತದೆ.

ಆ ಫ್ರೇಮ್ ಹಿಡಿದಾಗ ಎಕ್ಸ್‌ಪೋಷರ್ ಎಷ್ಟಿತ್ತು, ಗೇನ್ (ಸೆನ್ಸರಿನ ಸಿಗ್ನಲ್ಲನ್ನು ಹಿಗ್ಗಿಸಿದ ಪ್ರಮಾಣ) ಎಷ್ಟಿತ್ತು, ಹಿಡಿದ ಕ್ಷಣ ಯಾವುದು ಎಂಬ ವಿವರ ಕೈಗೆ ಸಿಕ್ಕರೆ ಬಣ್ಣವನ್ನು ಲೆಕ್ಕ ಹಾಕಿ ಸರಿಮಾಡಬಹುದು. ಈ ವಿವರಕ್ಕೆ ಎಲ್ಲರೂ ಇಟ್ಟಿರುವ ಹೆಸರು ಮೆಟಾಡೇಟಾ. ತೊಡಕು ಶುರುವಾಗುವುದೂ ಆ ಹೆಸರಿನಿಂದಲೇ. ಲಿನಕ್ಸ್ ಕರ್ನಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಕ್ಯಾಮೆರಾ ವ್ಯವಸ್ಥೆ ವಿ4ಎಲ್2. ಅದರಲ್ಲಿ ಈ ಮಾಹಿತಿ ಬರುವ ದಾರಿಗಳು ನಾಲ್ಕಾರಿವೆ. ಒಂದರಲ್ಲಿ ಸಿಗುವುದು ಇನ್ನೊಂದರಲ್ಲಿ ಸಿಗುವುದಿಲ್ಲ. ಡ್ರೈವರುಗಳ, ಅಂದರೆ ಕ್ಯಾಮೆರಾ ನಡೆಸುವ ಕರ್ನಲ್ ಕೋಡಿನ, ಕೈಪಿಡಿಗಳು ಮಾತ್ರ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದು ಕೈತೊಳೆದುಕೊಳ್ಳುತ್ತವೆ. "ಈ ಡ್ರೈವರ್ ಮೆಟಾಡೇಟಾ ಕೊಡುತ್ತದೆ" ಎಂಬ ಸಾಲನ್ನು ನಂಬಿ ಬೋರ್ಡ್ ಕೊಂಡು ತಂದು, ಎಕ್ಸ್‌ಪೋಷರ್ ಹುಡುಕಿದರೆ ಸಿಗುವುದು ಬರೀ ಟೈಮ್‌ಸ್ಟ್ಯಾಂಪ್, ಹಿಡಿದ ಕ್ಷಣದ ಗುರುತು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳೂ ನರಸಾಪುರ, ವೇಮಗಲ್ ಕಡೆ ಯಂತ್ರ ಕೂರಿಸುವ ಸಣ್ಣ ತಂಡಗಳೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೇ: ಯಾವುದನ್ನು ಹಿಡಿಯುವುದು? ಅದಕ್ಕೊಂದು ಉತ್ತರ ಇಲ್ಲಿದೆ. ಜೊತೆಗೆ, ಮುಂದಿನವರು ಮತ್ತೆ ಇದೇ ಗೊಂದಲಕ್ಕೆ ಬೀಳದ ಹಾಗೆ ಕೈಪಿಡಿಯಲ್ಲಿ ಏನು ಬರೆಯಬೇಕು ಎಂಬುದೂ ಇದೆ.

ಅಳೆಯುವುದು ಯಾವುದರಿಂದ

ಮೊದಲ ಅಳತೆ, ಮಾಹಿತಿ ಯಾವ ಫ್ರೇಮಿಗೆ ಸೇರಿದ್ದು ಎಂದು ಖಚಿತವಾಗಿ ಹೇಳಬಹುದೇ ಎಂಬುದು. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಫ್ರೇಮಿಗೆ ಸುಮಾರು 33 ಮಿಲಿಸೆಕೆಂಡ್. ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತಿದ್ದರೆ ಅಷ್ಟರಲ್ಲಿ ಹಣ್ಣು ಸುಮಾರು 17 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಎರಡು ಫ್ರೇಮ್ ಆಚೀಚೆಯಾದರೆ ಅರ್ಧ ಟೊಮೇಟೊದಷ್ಟು ದೂರ.

ಎರಡನೆಯದು ಇದಕ್ಕಿಂತ ಸೂಕ್ಷ್ಮ. ಸಿಗುತ್ತಿರುವ ಅಂಕಿ ನಾವು ಸೆನ್ಸರ್‌ಗೆ ಕೇಳಿದ್ದೋ, ಸೆನ್ಸರ್ ನಿಜವಾಗಿ ಬಳಸಿದ್ದೋ? ಇವೆರಡೂ ಒಂದೇ ಎಂದುಕೊಂಡು ಬರೆದ ಕೋಡು ಬೆಳಕು ಸ್ಥಿರವಾಗಿರುವಾಗ ಚೆನ್ನಾಗಿಯೇ ಓಡುತ್ತದೆ, ಬೆಳಕು ಬದಲಾಗುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತದೆ.

ಮೂರನೆಯದು, ಬೈಟುಗಳ ಜೋಡಣೆಯನ್ನೂ ಅವುಗಳ ಅರ್ಥವನ್ನೂ ಬೇರೆ ಬೇರೆಯಾಗಿ ಹೇಳಿದ್ದಾರೆಯೇ ಎಂಬುದು. ಆಮೇಲೆ ಖರ್ಚು. ಹಾರ್ಡ್‌ವೇರಿನ ದುಡ್ಡು ಅದರಲ್ಲಿ ಸಣ್ಣ ಪಾಲು. ಯಾವ ಕರ್ನಲ್ ಆವೃತ್ತಿ ಬೇಕು, ಸೆನ್ಸರಿನ ಡೇಟಾಶೀಟ್ ಗೌಪ್ಯತೆಯ ಒಪ್ಪಂದವಿಲ್ಲದೆ ಸಿಗುತ್ತದೆಯೇ, ಬರೆದ ಹುಡುಗ ಬೆಂಗಳೂರಿಗೆ ಕೆಲಸ ಬದಲಿಸಿದ ಮೇಲೆ ಕೋಡು ನೋಡಿಕೊಳ್ಳುವವರು ಯಾರು, ಇವೆಲ್ಲ ಸೇರಿದ ಖರ್ಚು ಅದು.

ಕಂಟ್ರೋಲ್ ಓದುವುದು

ಎಲ್ಲಕ್ಕಿಂತ ಸುಲಭದ್ದು ಇದು. ಎಕ್ಸ್‌ಪೋಷರ್, ಗೇನ್ ಮುಂತಾದ ಕಂಟ್ರೋಲ್‌ಗಳನ್ನು, ಅಂದರೆ ಸೆಟ್ಟಿಂಗುಗಳನ್ನು, ವಿ4ಎಲ್2 ಕೊಟ್ಟೇ ಇರುತ್ತದೆ. ಬರೆದ ಹಾಗೆಯೇ ಓದಬಹುದು. ಹೆಚ್ಚಿನ ಕ್ಯಾಮೆರಾಗಳಲ್ಲಿ ನಡೆಯುತ್ತದೆ, ಹಳೆಯ ಕರ್ನಲ್ ಆದರೂ ನಡೆಯುತ್ತದೆ.

ಆದರೆ ಓದಿದಾಗ ಸಿಗುವುದು ಸಾಮಾನ್ಯವಾಗಿ ಕೊನೆಯ ಬಾರಿ ಬರೆದ ಬೆಲೆ, ಅಂದರೆ ಅಂಕಿ. ಅದು ಯಾವ ಫ್ರೇಮಿನಿಂದ ಜಾರಿಗೆ ಬಂತು ಎಂದು ಕಂಟ್ರೋಲ್ ಹೇಳುವುದಿಲ್ಲ. ಸೆನ್ಸರಿಗೆ ಎಕ್ಸ್‌ಪೋಷರ್ ಬರೆದರೆ ಸಾಮಾನ್ಯವಾಗಿ ಒಂದೆರಡು ಫ್ರೇಮ್ ಕಳೆದ ಮೇಲೆ ಫಲ ಕಾಣುತ್ತದೆ. ಗೇನಿಗೆ ತಗಲುವ ತಡ ಅಷ್ಟೇ ಇರಬೇಕೆಂದೇನೂ ಇಲ್ಲ, ಸೆನ್ಸರಿನಿಂದ ಸೆನ್ಸರಿಗೆ ಬದಲಾಗುತ್ತದೆ. ಎರಡನ್ನೂ ಒಟ್ಟಿಗೆ ಬರೆದರೂ ಬೇರೆ ಬೇರೆ ಫ್ರೇಮಿನಲ್ಲಿ ಜಾರಿಯಾಗಿ, ನಡುವಿನ ಒಂದು ಫ್ರೇಮ್ ಬೆಳ್ಳಗೋ ಕಪ್ಪಗೋ ಮಿನುಗುವುದುಂಟು.

ಇನ್ನು ಅಳತೆಯ ಘಟಕ. ಸೆನ್ಸರ್ ಡ್ರೈವರ್‌ಗಳಲ್ಲಿ ಎಕ್ಸ್‌ಪೋಷರನ್ನು ಸಾಮಾನ್ಯವಾಗಿ ಸಾಲುಗಳಲ್ಲಿ, ಅಂದರೆ ಒಂದು ಸಾಲು ಪಿಕ್ಸೆಲ್ ಓದಲು ಹಿಡಿಯುವ ಸಮಯದ ಲೆಕ್ಕದಲ್ಲಿ, ಹೇಳುತ್ತಾರೆ. ಯುಎಸ್‌ಬಿ ವೆಬ್‌ಕ್ಯಾಮ್ ಬಳಸುವ 'ಎಕ್ಸ್‌ಪೋಷರ್ ಅಬ್ಸಲ್ಯೂಟ್' ಕಂಟ್ರೋಲಿನಲ್ಲಿ ಒಂದು ಘಟಕ ಅಂದರೆ 100 ಮೈಕ್ರೋಸೆಕೆಂಡ್. ಸೋನಿಯ ಐಎಂಎಕ್ಸ್219 ಸೆನ್ಸರ್ ತೆಗೆದುಕೊಳ್ಳಿ. ಪೂರ್ತಿ ರೆಸಲ್ಯೂಶನ್ನಿನಲ್ಲಿ ಡ್ರೈವರ್ ಹೇಳುವ ಪಿಕ್ಸೆಲ್ ವೇಗ ಸೆಕೆಂಡಿಗೆ 18.24 ಕೋಟಿ, ಖಾಲಿ ಪಿಕ್ಸೆಲ್ ಸೇರಿ ಸಾಲಿನ ಉದ್ದ 3448. ಭಾಗಿಸಿದರೆ ಒಂದು ಸಾಲಿಗೆ ಸುಮಾರು 18.9 ಮೈಕ್ರೋಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ, ಪಟ್ಟೆ ಕಾಣದಿರಬೇಕಾದರೆ ಎಕ್ಸ್‌ಪೋಷರ್ 10 ಮಿಲಿಸೆಕೆಂಡಿನ ಮಡಿಯಲ್ಲಿರಬೇಕು. ಆ 10 ಮಿಲಿಸೆಕೆಂಡಿಗೆ ಈ ಸೆನ್ಸರಿನಲ್ಲಿ 529 ಎಂದು ಬರೆಯಬೇಕು, ವೆಬ್‌ಕ್ಯಾಮಿನಲ್ಲಿ 100 ಎಂದು. 'ಎಕ್ಸ್‌ಪೋಷರ್ ಬೆಲೆ' ಎಂದಷ್ಟೇ ಬರೆದ ಕೈಪಿಡಿಯಿಂದ ಯಾರಿಗೂ ಉಪಯೋಗವಿಲ್ಲ.

ಹಾಗಂತ ಇದನ್ನು ತಳ್ಳಿಹಾಕಬೇಡಿ. ಬೆಲ್ಟಿನ ಮೇಲೆ ಮುಚ್ಚಿದ ಡಬ್ಬಿ ಕಟ್ಟಿ, ಒಳಗೆ ಸ್ಥಿರವಾದ ಎಲ್‌ಇಡಿ ಬೆಳಕು ಹಾಕಿ, ಎಕ್ಸ್‌ಪೋಷರ್, ಗೇನ್, ವೈಟ್ ಬ್ಯಾಲೆನ್ಸ್ ಮೂರನ್ನೂ ಮ್ಯಾನುವಲ್‌ಗೆ ಬೀಗ ಹಾಕಿಬಿಟ್ಟರೆ ಪ್ರತಿ ಫ್ರೇಮಿಗೂ ಒಂದೇ ಬೆಲೆ. ಮೆಟಾಡೇಟಾದ ಗೊಡವೆಯೇ ಇಲ್ಲ. ತಗಡು, ಕಪ್ಪು ಬಣ್ಣ, ಒಳ್ಳೆಯ ವಿದ್ಯುತ್ ಡ್ರೈವರ್ ಇರುವ ಎಲ್‌ಇಡಿ ಪಟ್ಟಿ, ಇಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಕರ್ನಲ್ ಕೋಡು ಬರೆಯಲು ಹೊರಡುವವರನ್ನು ನೋಡಿದರೆ ನನಗೆ ನಗು ಬರುತ್ತದೆ.

ವೆಬ್‌ಕ್ಯಾಮಿನ ಎರಡನೇ ನೋಡ್

ಒಂದೇ ವೆಬ್‌ಕ್ಯಾಮ್ ಚುಚ್ಚಿದರೂ ಲಿನಕ್ಸಿನಲ್ಲಿ ವಿಡಿಯೊ0, ವಿಡಿಯೊ1 ಎಂದು ಎರಡು ನೋಡ್ (ಕ್ಯಾಮೆರಾ ತೆರೆಯಲು ಬಳಸುವ ಸಾಧನ ಕಡತ) ಕಾಣುವುದು, ಎರಡನೆಯದನ್ನು ತೆರೆದರೆ ಚಿತ್ರವೇ ಬಾರದಿರುವುದು ಬಹಳ ಜನರಿಗೆ ಗೊತ್ತಿರುವ ಒಗಟು. 2018ರ 4.16 ಕರ್ನಲ್‌ನಿಂದ ಯುಎಸ್‌ಬಿ ಕ್ಯಾಮೆರಾಗಳ ಮಾನದಂಡವಾದ ಯುವಿಸಿಯ ಡ್ರೈವರ್ ಮೆಟಾಡೇಟಾಕ್ಕೆಂದೇ ಒಂದು ನೋಡ್ ಕೊಡುತ್ತಿದೆ. ಎರಡನೆಯದು ಅದು.

ಅದರಲ್ಲಿ ಬರುವುದೇನು? ಪ್ರತಿ ತುಣುಕಿನ ಮೊದಲಿಗೆ 8 ಬೈಟಿನ ನ್ಯಾನೊಸೆಕೆಂಡ್ ಟೈಮ್‌ಸ್ಟ್ಯಾಂಪ್, 2 ಬೈಟಿನ ಯುಎಸ್‌ಬಿ ಫ್ರೇಮ್ ಸಂಖ್ಯೆ. ಅದಾದ ಮೇಲೆ ಕ್ಯಾಮೆರಾ ಕಳಿಸಿದ ಯುವಿಸಿ ಹೆಡರ್ (ಡೇಟಾದ ತಲೆಭಾಗ) ಇದ್ದ ಹಾಗೇ. ಆ ಹೆಡರಿನಲ್ಲಿ ಕ್ಯಾಮೆರಾದ ಸ್ವಂತ ಗಡಿಯಾರದ ಲೆಕ್ಕ ಇರಬಹುದು. ಕ್ಷಣವನ್ನು ನಿಖರವಾಗಿ ಹಿಡಿಯಬೇಕಾದವರಿಗೆ, ಅಂದರೆ ಬೆಲ್ಟಿನ ಮೇಲೆ ಹಣ್ಣು ಎಲ್ಲಿತ್ತು ಎಂದು ಲೆಕ್ಕ ಹಾಕುವವರಿಗೆ, ಇದು ಬೆಲೆಬಾಳುವ ವಸ್ತು. ಎಕ್ಸ್‌ಪೋಷರ್ ಹುಡುಕಿ ಬಂದವರಿಗೆ ಮಾತ್ರ ಸಾಮಾನ್ಯ ವೆಬ್‌ಕ್ಯಾಮಿನಲ್ಲಿ ಏನೂ ಸಿಗುವುದಿಲ್ಲ, ಮೂಲ ಯುವಿಸಿ ಹೆಡರಿನಲ್ಲಿ ಅದಕ್ಕೆ ಜಾಗವೇ ಇಲ್ಲ. ತಯಾರಕರು ಹೆಡರಿನ ಬಾಲಕ್ಕೆ ತಮ್ಮದೇ ಮಾಹಿತಿ ಸೇರಿಸಿದ್ದರೆ ಮಾತ್ರ ಉಂಟು. ಇಂಟೆಲ್ ರಿಯಲ್‌ಸೆನ್ಸ್ ಡಿ400 ಸರಣಿ ಹಾಗೆ ಸೇರಿಸುತ್ತದೆ, ಅದರ ಫಾರ್ಮ್ಯಾಟಿಗೆ ಕರ್ನಲ್ಲಿನಲ್ಲಿ ಡಿ4ಎಕ್ಸ್‌ಎಕ್ಸ್ ಎಂಬ ಪ್ರತ್ಯೇಕ ಹೆಸರೇ ಇದೆ. ಆದರೆ ಆ ಕ್ಯಾಮೆರಾದ ಬೆಲೆ ವೆಬ್‌ಕ್ಯಾಮಿನದ್ದಲ್ಲ.

ಸೆನ್ಸರೇ ಬರೆದು ಕಳಿಸುವ ಸಾಲುಗಳು

ಸಿಎಸ್‌ಐ, ಅಂದರೆ ಕ್ಯಾಮೆರಾವನ್ನು ಬೋರ್ಡಿಗೆ ನೇರ ಜೋಡಿಸುವ ಸಂಪರ್ಕ, ಬಳಸುವ ಅನೇಕ ಸೆನ್ಸರ್‌ಗಳು ಚಿತ್ರದ ಸಾಲುಗಳನ್ನು ಕಳಿಸುವ ಮೊದಲು, ಒಮ್ಮೊಮ್ಮೆ ಆಮೇಲೂ, ಒಂದೆರಡು ಹೆಚ್ಚಿನ ಸಾಲುಗಳನ್ನು ಕಳಿಸುತ್ತವೆ. ಅವುಗಳಲ್ಲಿ ಇರುವುದು ಆ ಫ್ರೇಮಿಗೆ ಸೆನ್ಸರ್ ಬಳಸಿದ ರಿಜಿಸ್ಟರುಗಳ (ಸೆಟ್ಟಿಂಗು ಕೂರುವ ಒಳಗಿನ ಖಾನೆಗಳ) ಬೆಲೆ. ಎಂಬೆಡೆಡ್ ಡೇಟಾ ಅನ್ನುವುದು ಇದಕ್ಕೆ. ಕಂಟ್ರೋಲ್ ಓದುವುದು ಮಂಡಿಯ ಲೆಕ್ಕದ ಪುಸ್ತಕ ನೋಡಿದ ಹಾಗೆ, ಇದು ಬಾಕ್ಸಿನೊಳಗೇ ಹಾಕಿದ ಚೀಟಿ. ಬಾಕ್ಸು ಎಲ್ಲಿಗೆ ಹೋದರೂ ಚೀಟಿ ಅದರ ಜೊತೆಗೇ ಇರುತ್ತದೆ. ಮೇಲಿನ ಮೊದಲೆರಡು ಅಳತೆಗಳಲ್ಲಿ ಇದಕ್ಕೆ ಸಾಟಿಯಿಲ್ಲ.

ಸಿಎಸ್‌ಐ-2 ತಂತಿಯ ಮೇಲೆ ಈ ಸಾಲುಗಳಿಗೆ ಬೇರೆಯದೇ ಡೇಟಾ ಟೈಪ್, ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 12. 10 ಬಿಟ್‌ನ ರಾ ಚಿತ್ರದ್ದು 2ಬಿ. ಹಾಗಾಗಿ ಬೋರ್ಡಿನ ಕಡೆಯ ರಿಸೀವರ್ ಎರಡನ್ನೂ ಬೇರೆ ಮಾಡಿ ಎರಡು ನೋಡ್‌ಗಳಿಗೆ ಹಾಕಬಲ್ಲದು. ಎರಡೂ ಬಫರುಗಳ (ಡೇಟಾ ಬಂದು ಕೂರುವ ಮೆಮೊರಿ ತುಂಡುಗಳ) ಸೀಕ್ವೆನ್ಸ್ ಸಂಖ್ಯೆ, ಅಂದರೆ ಫ್ರೇಮಿನ ಕ್ರಮಸಂಖ್ಯೆ, ಹೊಂದಿಸಿ ನೋಡಿ ಜೋಡಿ ಮಾಡಬೇಕು.

ಹೆಚ್ಚು ಜನ ಎಡವುವುದು ಜೋಡಣೆಯಲ್ಲಿ. ಮಾಹಿತಿ 8 ಬಿಟ್‌ನದು. ಆದರೆ ಸೆನ್ಸರ್ 10 ಬಿಟ್ ಮೋಡಿನಲ್ಲಿದ್ದರೆ ಮಾಹಿತಿಯನ್ನೂ ಅದೇ ಅಳತೆಗೆ ತುಂಬಿ ಕಳಿಸುತ್ತದೆ: ನಾಲ್ಕು ಬೈಟ್ ಮಾಹಿತಿ, ಐದನೆಯದು ಬರೀ ಭರ್ತಿ. 12 ಬಿಟ್‌ಗೆ ಬದಲಿಸಿದರೆ ಪ್ರತಿ ಎರಡು ಬೈಟಿಗೆ ಒಂದು ಭರ್ತಿ. 14 ಬಿಟ್‌ನಲ್ಲಿ ನಾಲ್ಕಕ್ಕೆ ಮೂರು. ರಿಜಿಸ್ಟರುಗಳ ಅರ್ಥ ಒಂದಿಷ್ಟೂ ಬದಲಾಗಿಲ್ಲ, ಕೂತ ಜಾಗ ಮಾತ್ರ ಬದಲಾಗಿದೆ. ಕರ್ನಲ್ಲಿನವರು 2024ರ 6.10 ಆವೃತ್ತಿಯಲ್ಲಿ ಸೇರಿಸಿದ ಜೆನೆರಿಕ್ ಮೆಟಾಡೇಟಾ ಫಾರ್ಮ್ಯಾಟುಗಳು ಇದೇ ವಿಚಾರದ ಮೇಲೆ ನಿಂತಿವೆ. ಬಿಗಿಯಾಗಿ ಕೂತ 8 ಬಿಟ್‌ಗೆ ಎಂಇಟಿ8, 10 ಬಿಟ್ ಜೋಡಣೆಗೆ ಎಂಸಿ1ಎ, 12ಕ್ಕೆ ಎಂಸಿ1ಸಿ. ಈ ಹೆಸರುಗಳು ಬೈಟ್ ಎಲ್ಲಿ ಕೂತಿದೆ ಎಂಬುದನ್ನಷ್ಟೇ ಹೇಳುತ್ತವೆ, ಒಳಗೆ ಏನಿದೆ ಎಂಬುದನ್ನು ಬೇಕೆಂದೇ ಬಿಟ್ಟಿವೆ. ಫಾರ್ಮ್ಯಾಟಿನ ಜೊತೆ ಅಗಲ, ಎತ್ತರ, ಸಾಲಿಗೆ ಎಷ್ಟು ಬೈಟ್ ಎಂಬ ಮೂರು ಅಂಕಿಗಳೂ ಬಂದವು. ಸಾಲಿನ ಕೊನೆಗೆ ಹಾರ್ಡ್‌ವೇರ್ ಇನ್ನಷ್ಟು ಜಾಗ ಬಿಟ್ಟಿರಬಹುದಾದ್ದರಿಂದ, ಇಡೀ ಬಫರನ್ನು ಒಂದೇ ಉದ್ದನೆಯ ಪಟ್ಟಿಯೆಂದು ಓದಿದರೆ ಮೊದಲ ಸಾಲು ಸರಿ ಬರುತ್ತದೆ, ಎರಡನೇ ಸಾಲು ಕಸ.

ಅರ್ಥ ಎಲ್ಲಿ ಸಿಗುತ್ತದೆ? ಸಿಎಸ್‌ಐ ರೂಪಿಸಿದ ಮಿಪಿ ಒಕ್ಕೂಟದ ಸಿಸಿಎಸ್ ಎಂಬ ಮಾನದಂಡವನ್ನು ಪಾಲಿಸುವ ಸೆನ್ಸರ್ ಆದರೆ ಓದುವ ಕ್ರಮ ತೆರೆದ ಪುಸ್ತಕ. ಸಾಲು ಹೆಕ್ಸ್ 0ಎ ಎಂದು ಶುರುವಾಗುತ್ತದೆ. ಎಎ ಬಂದರೆ ರಿಜಿಸ್ಟರ್ ವಿಳಾಸದ ಮೇಲಿನ ಭಾಗ, ಎ5 ಬಂದರೆ ಕೆಳಗಿನ ಭಾಗ, 5ಎ ಬಂದರೆ ಅದಾದ ಮೇಲೆ ಬರುವುದು ಬೆಲೆ, 55 ಬಂದರೆ ಒಂದನ್ನು ದಾಟು, 07 ಬಂದರೆ ಮುಗಿಯಿತು. ಒಂದು ಮಧ್ಯಾಹ್ನದಲ್ಲಿ ಪಾರ್ಸರ್, ಅಂದರೆ ಇದನ್ನು ಬಿಡಿಸಿ ಓದುವ ಕೋಡು, ಬರೆಯಬಹುದು. ಮಾನದಂಡ ಪಾಲಿಸದ ಸೆನ್ಸರ್ ಆದರೆ ತಯಾರಕರ ಡೇಟಾಶೀಟ್ ಬೇಕು. ಅದಕ್ಕೆ ಬಹಳ ಸಲ ಗೌಪ್ಯತೆಯ ಒಪ್ಪಂದ ಕೇಳುತ್ತಾರೆ. ನೂರಾರು ಸೆನ್ಸರ್ ಕೊಳ್ಳದವರ ಪತ್ರಕ್ಕೆ ಉತ್ತರ ಬರುವುದೇ ಕಷ್ಟ.

ಇಷ್ಟೆಲ್ಲ ಆದರೂ ಚೀಟಿಯನ್ನು ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಐಎಂಎಕ್ಸ್219ರ ಎಂಬೆಡೆಡ್ ಡೇಟಾದಲ್ಲಿ ಆಗಾಗ ಕಸದ ಬೆಲೆಗಳು ಬರುತ್ತವೆ ಎಂದು ಲಿಬ್‌ಕ್ಯಾಮೆರಾ ಎಂಬ ಕ್ಯಾಮೆರಾ ಸಾಫ್ಟ್‌ವೇರಿನ ರಾಸ್ಪ್‌ಬೆರಿ ಪೈ ಬೋರ್ಡಿನ ಕೋಡಿನಲ್ಲಿ ಟಿಪ್ಪಣಿಯನ್ನೇ ಬರೆದು ಅದನ್ನು ಬಳಸದಂತೆ ಮಾಡಿದ್ದರು. ಸೆನ್ಸರ್ ಕಳಿಸುತ್ತದೆ, ರಿಸೀವರ್ ಹಿಡಿಯುತ್ತದೆ, ಮೇಲಿನ ಸಾಫ್ಟ್‌ವೇರ್ ನಂಬುತ್ತದೆ: ಮೂರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಐಎಸ್‌ಪಿ ಅಂಕಿಅಂಶ

ಇದು ಸೆನ್ಸರಿನಲ್ಲಿ ಹುಟ್ಟುವುದಲ್ಲ. ಆರ್‌ಕೆ3399ರಂಥ ಚಿಪ್ಪಿನೊಳಗಿನ ಐಎಸ್‌ಪಿ, ಅಂದರೆ ಚಿತ್ರ ಸಂಸ್ಕರಿಸುವ ಭಾಗ, ಚಿತ್ರವನ್ನು ಅಳೆದು ಹಿಸ್ಟೊಗ್ರಾಂ, ವಲಯವಾರು ಸರಾಸರಿ, ಫೋಕಸ್ ಅಳತೆಗಳನ್ನು ಒಂದು ಬಫರಿನಲ್ಲಿ ಕೊಡುತ್ತದೆ. ಅದರ ರಚನೆ ಆಯಾ ಡ್ರೈವರಿನದೇ, ಕರ್ನಲ್ ಹೆಡರಿನಲ್ಲಿ ಬರೆದಿರುತ್ತದೆ, ಸಾಲು ಗೀಲು ಏನೂ ಇಲ್ಲ. ಆಟೊ ಎಕ್ಸ್‌ಪೋಷರನ್ನು ನೀವೇ ಬರೆಯುವುದಾದರೆ ಇದು ಬೇಕು, ಇಲ್ಲವಾದರೆ ಬೇಡ. ಇದೇ ಐಎಸ್‌ಪಿಗೆ ನಾವು ಕಳಿಸುವ ಸೆಟ್ಟಿಂಗುಗಳ ಬಫರನ್ನೂ ವಿ4ಎಲ್2 ಮೆಟಾಡೇಟಾ ಎಂಬ ತಲೆಬರಹದಡಿಯೇ ಇಟ್ಟಿದೆ, ದಿಕ್ಕು ಮಾತ್ರ ತಿರುಗುಮುರುಗು. ಚಿತ್ರದ ಬಗ್ಗೆ ಒಂದಕ್ಷರವನ್ನೂ ಹೇಳದ ಈ ಬಫರನ್ನು ಕೈಪಿಡಿಯಲ್ಲಿ ಮೆಟಾಡೇಟಾ ಎಂದು ಕರೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಪ್ಯಾರಾಮೀಟರ್ ಬಫರ್ ಎಂದರೆ ಸಾಕು.

ಡ್ರೈವರ್ ಮುಟ್ಟದೆ ಮೇಲಿನಿಂದ

2018ರಲ್ಲಿ ಶುರುವಾದ ಲಿಬ್‌ಕ್ಯಾಮೆರಾ ಇವೆಲ್ಲದರ ಮೇಲೆ ಕೂತು, ಮುಗಿದ ಪ್ರತಿ ರಿಕ್ವೆಸ್ಟಿನ (ಫ್ರೇಮಿಗಾಗಿ ಇಟ್ಟ ಕೋರಿಕೆಯ) ಜೊತೆ ಮೆಟಾಡೇಟಾ ಕೊಡುತ್ತದೆ. ಎಕ್ಸ್‌ಪೋಷರ್ ಮೈಕ್ರೋಸೆಕೆಂಡಿನಲ್ಲಿ, ಗೇನ್ ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ, ಸೆನ್ಸರ್ ಟೈಮ್‌ಸ್ಟ್ಯಾಂಪ್ ನ್ಯಾನೊಸೆಕೆಂಡಿನಲ್ಲಿ. ಸಾಲಿನ ಲೆಕ್ಕ, ಭರ್ತಿ ಬೈಟು ಯಾವ ರಗಳೆಯೂ ಇಲ್ಲ. ರಾಸ್ಪ್‌ಬೆರಿ ಪೈ ಮೇಲೆ ಪೈಕ್ಯಾಮೆರಾ2 ಲೈಬ್ರರಿ ಹಾಕಿಕೊಂಡರೆ ಪೈಥಾನಿನಲ್ಲೇ ಸಿಗುತ್ತದೆ.

ಒಂದು ಸೂಕ್ಷ್ಮ ಇದೆ. ಎಂಬೆಡೆಡ್ ಡೇಟಾ ಇದ್ದು, ಅದನ್ನು ಬಳಸದಂತೆ ಮಾಡಿರದಿದ್ದರೆ ಲಿಬ್‌ಕ್ಯಾಮೆರಾ ಅದನ್ನು ಓದಬಲ್ಲದು. ಇಲ್ಲದಿದ್ದರೆ, ಹಳೆಯ ಓವಿ5647 ಸೆನ್ಸರಿನ ಹಾಗೆ, ಯಾವ ಬೆಲೆ ಎಷ್ಟು ಫ್ರೇಮ್ ತಡವಾಗಿ ಜಾರಿಯಾಗುತ್ತದೆ ಎಂದು ಮೊದಲೇ ತಿಳಿದ ಲೆಕ್ಕದಿಂದ ಊಹಿಸಿ ಹೇಳುತ್ತದೆ. ಎರಡೂ ಸಲ ನಿಮಗೆ ಕಾಣುವ ಹೆಸರು ಒಂದೇ. ಸಾಮಾನ್ಯವಾಗಿ ಊಹೆಯೂ ಸರಿಯಾಗಿಯೇ ಇರುತ್ತದೆ, ಫ್ರೇಮ್ ತಪ್ಪಿಹೋದ ಹೊತ್ತಿನಲ್ಲಿ ಮಾತ್ರ ಅನುಮಾನ.

ಎಕ್ಸಿಫ್ ಬಗ್ಗೆಯೂ ಕೇಳುತ್ತಾರೆ. ಅದು ಜೆಪೆಗ್ ಉಳಿಸುವಾಗ ಅಪ್ಲಿಕೇಶನ್ ಬರೆಯುವ ಮಾಹಿತಿ, ಕಡತದಲ್ಲಿ ಸುಮಾರು 64 ಕೆಬಿ ಒಳಗಿನ ಒಂದು ತುಂಡು. ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ. ತಿರಸ್ಕರಿಸಿದ ಹಣ್ಣಿನ ಚಿತ್ರ ದಾಖಲೆಗೆ ಇಡಬೇಕಿದ್ದರೆ ಬಳಸಿ.

ಯಾರಿಗೆ ಯಾವುದು

ಶಿಡ್ಲಘಟ್ಟದ ರೇಷ್ಮೆಗೂಡು ವಿಂಗಡಿಸುವ ಪ್ರಾಜೆಕ್ಟ್, ಗೂಡಿನ ಹಿಂದಿನಿಂದ ಬೆಳಕು ಹಾಯಿಸಿ ಕಲೆಗೂಡು, ಜೋಡಿಗೂಡು ಗುರುತಿಸುವಂಥದ್ದು ಆದರೆ ವೆಬ್‌ಕ್ಯಾಮ್, ಮುಚ್ಚಿದ ಡಬ್ಬಿ, ಬೀಗ ಹಾಕಿದ ಎಕ್ಸ್‌ಪೋಷರ್ ಧಾರಾಳವಾಯಿತು. ಕಾಲೇಜಿನ ಬಜೆಟ್ಟಿನಲ್ಲಿ ಇದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಕೋಲಾರದ ಟೊಮೇಟೊ ಬೆಲ್ಟಿಗೂ ಡಬ್ಬಿಯೇ ಮೊದಲ ಉತ್ತರ. ಆದರೆ ಬೆಲ್ಟ್ ವೇಗವಾದಷ್ಟೂ ಟೈಮ್‌ಸ್ಟ್ಯಾಂಪ್ ಮುಖ್ಯವಾಗುತ್ತದೆ. ವೆಬ್‌ಕ್ಯಾಮ್ ಆದರೆ ಎರಡನೇ ನೋಡ್ ಓದಿ, ಸಿಎಸ್‌ಐ ಕ್ಯಾಮೆರಾ ಆದರೆ ಲಿಬ್‌ಕ್ಯಾಮೆರಾದ ಸೆನ್ಸರ್ ಟೈಮ್‌ಸ್ಟ್ಯಾಂಪ್ ತೆಗೆದುಕೊಳ್ಳಿ. ದುಡ್ಡಿದ್ದರೆ ಇಡೀ ಫ್ರೇಮನ್ನು ಒಂದೇ ಸಲಕ್ಕೆ ಹಿಡಿಯುವ ಗ್ಲೋಬಲ್ ಶಟರ್ ಸೆನ್ಸರಿಗೆ ಹಾಕಿ, ಓಡುವ ಹಣ್ಣು ಓರೆಯಾಗಿ ಕಾಣುವುದನ್ನು ಯಾವ ಮೆಟಾಡೇಟಾವೂ ನೇರ ಮಾಡುವುದಿಲ್ಲ.

ಶ್ರೀನಿವಾಸಪುರದ ಮಾವಿನ ತೋಪುಗಳಿಗೆ ಒಯ್ಯುವ ಯಂತ್ರ ಆದರೆ ಮಾತು ಬೇರೆ. ಮರದ ನೆರಳು, ಬಿಸಿಲು, ಮೋಡ ಎಲ್ಲ ಐದು ನಿಮಿಷದಲ್ಲಿ ಬದಲಾಗುತ್ತದೆ, ಆಟೊ ಎಕ್ಸ್‌ಪೋಷರ್ ಬಿಟ್ಟು ಗತಿಯಿಲ್ಲ. ಇಲ್ಲಿ ಎಂಬೆಡೆಡ್ ಡೇಟಾ ಇರುವ ಸೆನ್ಸರ್ ಆರಿಸಿ, ಲಿಬ್‌ಕ್ಯಾಮೆರಾ ಮೂಲಕ ಓದಿ. ಸ್ವಂತ ಬೋರ್ಡಿಗೆ ಡ್ರೈವರ್ ಬರೆಯುವವರಾದರೆ ಸಿಸಿಎಸ್ ಪಾಲಿಸುವ ಸೆನ್ಸರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ, ಆ ಹಣ ಪಾರ್ಸರ್ ಬರೆಯುವ ದಿನಗಳಲ್ಲಿ ವಾಪಸು ಬರುತ್ತದೆ.

ಕೈಪಿಡಿಯ ಸಾಲುಗಳು

ಮೆಟಾಡೇಟಾ ಎಂಬ ಪದವನ್ನು ಒಂಟಿಯಾಗಿ ಎಲ್ಲೂ ಬಿಡಬೇಡಿ. ಎಂಬೆಡೆಡ್ ಡೇಟಾ, ಯುವಿಸಿ ಹೆಡರ್, ಐಎಸ್‌ಪಿ ಅಂಕಿಅಂಶ, ಪ್ಯಾರಾಮೀಟರ್ ಬಫರ್ ಎಂದು ಹುಟ್ಟಿದ ಜಾಗದ ಹೆಸರಿನಿಂದಲೇ ಕರೆಯಿರಿ. ಆಮೇಲೆ ಜೋಡಣೆ: ಸಾಲುಗಟ್ಟಿದ್ದೋ, ಒಂದೇ ಗಟ್ಟಿ ಬಫರೋ. ಸಾಲುಗಟ್ಟಿದ್ದಾದರೆ ಯಾವ ಮೋಡಿಗೆ ಯಾವ ಫಾರ್ಮ್ಯಾಟ್, ಎಷ್ಟು ಸಾಲು. ಅರ್ಥವನ್ನು ಬೇರೆ ಪುಟದಲ್ಲಿ ಬರೆಯಿರಿ, ಅದು ಮೋಡ್ ಬದಲಾದರೂ ಬದಲಾಗದ ಪುಟ.

ಪ್ರತಿ ಬೆಲೆಯ ಎದುರು 'ಕೇಳಿದ್ದು', 'ಬಳಸಿದ್ದು', 'ಲೆಕ್ಕದಿಂದ ಬಂದದ್ದು' ಈ ಮೂರರಲ್ಲಿ ಒಂದನ್ನು ಬರೆಯಿರಿ. ಘಟಕ ಬರೆಯಿರಿ. ಟೈಮ್‌ಸ್ಟ್ಯಾಂಪ್ ಎಕ್ಸ್‌ಪೋಷರ್ ಶುರುವಾದಾಗಿನದೋ, ಫ್ರೇಮಿನ ಕೊನೆಯ ಪಿಕ್ಸೆಲ್ ಬಂದಾಗಿನದೋ ಹೇಳಿ. ವಿ4ಎಲ್2 ಬಫರಿನಲ್ಲಿ ಇದಕ್ಕೆಂದೇ ಫ್ಲ್ಯಾಗ್ ಇದೆ, ಆದರೂ ಕೈಪಿಡಿ ಓದುವವರು ಫ್ಲ್ಯಾಗ್ ನೋಡುವುದಿಲ್ಲ. ಮಾದರಿಗೆ ಹೀಗೆ: "ಎಂಬೆಡೆಡ್ ಡೇಟಾ. 10 ಬಿಟ್ ಮೋಡಿನಲ್ಲಿ ಎಂಸಿ1ಎ, 2 ಸಾಲು. ಎಕ್ಸ್‌ಪೋಷರ್: ಬಳಸಿದ್ದು, ಸಾಲುಗಳಲ್ಲಿ. ಚಿತ್ರದ ಬಫರಿನ ಸೀಕ್ವೆನ್ಸ್ ಸಂಖ್ಯೆಯೇ ಇದರದ್ದೂ."

ಬರೆದದ್ದು ನಿಜವೇ ಎಂದು ನೋಡುವುದು ಕಷ್ಟವಲ್ಲ. ಸ್ಥಿರ ಬೆಳಕಿನಲ್ಲಿ ಬಿಳಿ ಹಾಳೆ ಹಿಡಿದು, ಫ್ರೇಮುಗಳು ಓಡುತ್ತಿರುವಾಗ ಎಕ್ಸ್‌ಪೋಷರನ್ನು ಒಮ್ಮೆಗೇ ಅರ್ಧಕ್ಕೆ ಇಳಿಸಿ. ಹಾಳೆ ಯಾವ ಸೀಕ್ವೆನ್ಸ್ ಸಂಖ್ಯೆಯಲ್ಲಿ ಮಂಕಾಯಿತು, ಮೆಟಾಡೇಟಾದಲ್ಲಿ ಅಂಕಿ ಯಾವ ಸಂಖ್ಯೆಯಲ್ಲಿ ಬದಲಾಯಿತು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಗೇನಿಗೂ ಹೀಗೇ ಮಾಡಿ, ಪ್ರತಿ ಮೋಡಿಗೂ ಮಾಡಿ. ಎರಡೂ ಒಂದೇ ಸಂಖ್ಯೆಯಲ್ಲಿ ಬದಲಾಗದಿದ್ದರೆ ಎಷ್ಟು ಫ್ರೇಮ್ ವ್ಯತ್ಯಾಸ ಎಂಬ ಅಂಕಿಯನ್ನೂ ಕೈಪಿಡಿಗೆ ಸೇರಿಸಿ.